ಅವಳು ಅನಾಥೆ ಅಲ್ಲ: ಕಾಂಬೋಡಿಯಾ ಮಿಷನ್ ಟ್ರಿಪ್‌ನ ಕೊನೆಯ ರಾತ್ರಿ

ಇದು 2019ರ ಜನವರಿಯಲ್ಲಿ ನಡೆದದ್ದು. ಕಾಂಬೋಡಿಯಾದ ವಾಯವ್ಯ ಮೂಲೆಯ ಬಟ್ಟಂಬಾಂಗ್ ಪ್ರಾಂತ್ಯದಲ್ಲಿ, ನಮ್ಮ ಕ್ರೈಸ್ತ ಸಭೆಯಿಂದ ಹೋಗಿ, ಎರಡು ವಾರದ ಸೇವೆ ಮುಗಿಸಿದ್ದೆವು. ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ನಾವು ಹನ್ನೊಂದು ಜನ, ತಂಡದ ಜವಾಬ್ದಾರಿ ನನ್ನದು. ಕೊನೆಯ ರಾತ್ರಿಯ ಸಾಕ್ಷಿ ಕೂಟ, ಅಂದರೆ ಸೇವೆಯಲ್ಲಿ ಕಂಡದ್ದನ್ನು ಒಬ್ಬೊಬ್ಬರೂ ಹೇಳಿಕೊಳ್ಳುವ ಕೂಟ, ನಡೆಸಿದ್ದೂ ನಾನೇ. ಆ ಕೂಟದಲ್ಲಿ ನಮ್ಮ ಬಾಯಿಂದ ಬಂದ ಒಂದು ಪದಕ್ಕೆ ಒಂದು ಮಗು ಹೆದರಿ ಅತ್ತಿತು.

ಆ ಒಂದು ಪದದ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಮಿಷನ್ ಟ್ರಿಪ್‌ಗೆ ತಂಡ ಕರೆದುಕೊಂಡು ಹೋಗುವವರಿಗೆ, ಹೋಗಬೇಕು ಅಂತ ಪ್ರಾರ್ಥನೆ ಮಾಡುತ್ತಿರುವವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಜನರ ಹೆಸರು, ಆ ಮನೆಯ ಹೆಸರು ಬೇಕಂತಲೇ ಬಿಟ್ಟಿದ್ದೇನೆ.

ಆ ಮನೆ, ಆ ಮಗು

ನಾವು ಉಳಿದಿದ್ದು ಊರ ಹೊರಗಿನ ಒಂದು ಮಕ್ಕಳ ಮನೆಯಲ್ಲಿ. ಸುತ್ತ ಕೊಯ್ಲು ಮುಗಿದ ಗದ್ದೆ. ಕಾಂಬೋಡಿಯಾದಲ್ಲಿ ಅಕ್ಕಿ ಹೆಚ್ಚು ಬೆಳೆಯುವ ಪ್ರಾಂತ್ಯಗಳಲ್ಲಿ ಇದೂ ಒಂದು. ಮನೆಯಲ್ಲಿ 23 ಮಕ್ಕಳಿದ್ದರು. ಮನೆ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ 'ಓಂ' ಅಂತ ಕರೆಯುತ್ತಿದ್ದರು. ಅಲ್ಲಿನ ಖ್ಮೇರ್ ಭಾಷೆಯಲ್ಲಿ ಅಪ್ಪ ಅಮ್ಮನಿಗಿಂತ ದೊಡ್ಡವರನ್ನು, ಅಂದರೆ ನಮ್ಮ ದೊಡ್ಡಪ್ಪ ದೊಡ್ಡಮ್ಮನಂಥವರನ್ನು ಹಾಗೆ ಕರೆಯುತ್ತಾರೆ. ನಾವೂ ಹಾಗೇ ಕರೆದೆವು.

ಓಂ ಅವರಿಗೆ ಎಂಟು ವರ್ಷವಾಗಿದ್ದಾಗ, 1975ರ ಏಪ್ರಿಲ್ 17ರಂದು, ಪೊಲ್ ಪಾಟ್‌ನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ರಾಜಧಾನಿ ನೋಮ್ ಪೆನ್‌ಗೆ ನುಗ್ಗಿತು. 1979ರ ಜನವರಿವರೆಗೆ ಆ ಪಡೆಯದೇ ಆಳ್ವಿಕೆ. ಹಸಿವು, ರೋಗ, ವಿಪರೀತ ದುಡಿತ, ಕೊಲೆ, ಎಲ್ಲ ಸೇರಿ ಸುಮಾರು 17 ಲಕ್ಷ ಜನ ಸತ್ತರು ಅಂತ ಅಂದಾಜು. ಆ ದೇಶದಲ್ಲಿ ಪ್ರೊಟೆಸ್ಟೆಂಟ್ ಸೇವೆ ಶುರುವಾಗಿದ್ದು 1923ರಲ್ಲಿ. ಇಡೀ ಬೈಬಲ್ ಖ್ಮೇರ್‌ನಲ್ಲಿ ಬಂದಿದ್ದು 1954ರಲ್ಲಿ. ಅಷ್ಟು ವರ್ಷ ಕಟ್ಟಿದ ಸಣ್ಣ ಕ್ರೈಸ್ತ ಸಭೆ ಆ ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ ಅಳಿಸಿಯೇ ಹೋಯಿತು. ಓಂ ಈ ವಿಷಯವನ್ನು ತಾವಾಗಿ ಯಾವತ್ತೂ ಎತ್ತುತ್ತಿರಲಿಲ್ಲ. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ನಮ್ಮ ಅನುವಾದಕ ನಿಧಾನಕ್ಕೆ ಹೇಳಿದ: ಅವರ ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರು, ಯಾರೂ ಉಳಿಯಲಿಲ್ಲ.

ನಮ್ಮ ಕೆಲಸದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗೋಡೆಗೆ ಬಣ್ಣ ಬಳಿದೆವು. ಮಕ್ಕಳಿಗೆ ಹಾಡು, ಕಥೆ, ಸ್ವಲ್ಪ ಇಂಗ್ಲಿಷ್ ಕಲಿಸಿದೆವು. ಮನೆ ಮನೆಗೆ ಹೋಗಿ ಸುವಾರ್ತೆ ಹೇಳಲು ಅಲ್ಲಿನ ಸರ್ಕಾರದ ಅನುಮತಿ ಇಲ್ಲ, ಹಾಗಾಗಿ ಅದನ್ನು ಮಾಡಲಿಲ್ಲ. ಭಾನುವಾರ ಊರಿನ ಸಭೆಯಲ್ಲಿ ಆರಾಧನೆಗೆ ಕೂತೆವು.

ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ, 20 ವರ್ಷ. ಅವಳನ್ನು ಇಲ್ಲಿ ತಂಗಿ ಅಂತಲೇ ಕರೆಯುತ್ತೇನೆ. ಒಂಬತ್ತು ವರ್ಷದ ಒಂದು ಹುಡುಗಿ ಎರಡನೇ ದಿನದಿಂದಲೇ ಅವಳ ಹಿಂದೆ ಬಿದ್ದಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಅಂಗಳದ ಮಣ್ಣಿನಲ್ಲಿ ಕೂತಿದ್ದರು. ಹುಡುಗಿ ಕಡ್ಡಿಯಿಂದ ಖ್ಮೇರ್ ಅಕ್ಷರ ಬರೆದು ಒಂದೊಂದನ್ನೇ ಓದುತ್ತಿದ್ದಳು: ಕಾ, ಖಾ, ಕೊ, ಖೊ, ಙೊ. ತಂಗಿ ಥಟ್ಟನೆ ತಲೆ ಎತ್ತಿದಳು. ಪಕ್ಕದಲ್ಲೇ ಬೆರಳಲ್ಲಿ ಬರೆದಳು: ಕ, ಖ, ಗ, ಘ, ಙ. ಅದೇ ಸಾಲು, ಅದೇ ಕ್ರಮ! ಎರಡೂ ಲಿಪಿಗಳಿಗೆ ಮೂಲ ಬ್ರಾಹ್ಮಿ ತಾನೇ. ಮಕ್ಕಳು ನಮ್ಮನ್ನು 'ಕ್ರೂ' ಅಂತ ಕರೆಯುತ್ತಿದ್ದರಲ್ಲ, ಅದು ನಮ್ಮ 'ಗುರು' ಅಂತ ಗೊತ್ತಾಗಿದ್ದೂ ಅವತ್ತೇ. ಎರಡು ಭಾಷೆಯ ಇಬ್ಬರು ಹುಡುಗಿಯರು ಮಣ್ಣಿನ ಮೇಲೆ ಬಗ್ಗಿ, ಒಂದೇ ಅಕ್ಷರಮಾಲೆಯನ್ನು ಎರಡು ದನಿಯಲ್ಲಿ ಓದುತ್ತಿದ್ದರು. ಅದು ನನ್ನ ಕಣ್ಣಿಗೆ ಈಗಲೂ ಹಾಗೇ ಕಾಣುತ್ತದೆ. ಆ ಪ್ರೀತಿಯಲ್ಲಿ ಸುಳ್ಳು ಒಂದು ಚೂರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದನ್ನು ಓದಿ ಯಾರೂ ತಂಗಿಯ ಮೇಲೆ ತಪ್ಪು ಹೊರಿಸಬಾರದು.

ಕೂಟದಲ್ಲಿ ನಡೆದದ್ದು

ಸೇವೆ ಮುಗಿದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿಕೊಳ್ಳುವುದು ಹಳೆಯ ರೂಢಿ. ಬೈಬಲಿನ ಮಾರ್ಕ 6:30ರಲ್ಲಿ ಅಪೊಸ್ತಲರು ಹಿಂದಿರುಗಿ ಬಂದು ತಾವು ಮಾಡಿದ್ದು, ಕಲಿಸಿದ್ದು ಎಲ್ಲವನ್ನೂ ಯೇಸುವಿಗೆ ಹೇಳುತ್ತಾರೆ. ಅಪೊಸ್ತಲರ ಕೃತ್ಯಗಳು 14:27ರಲ್ಲಿ ಪೌಲ ಬಾರ್ನಬರು ಅಂತಿಯೋಕ್ಯದ ಸಭೆಯನ್ನು ಸೇರಿಸಿ ವರದಿ ಕೊಡುತ್ತಾರೆ. ನಮ್ಮ ತಂಡದಲ್ಲೂ ಪ್ರತಿ ಟ್ರಿಪ್‌ನ ಕೊನೆಯ ರಾತ್ರಿ ಹೀಗೆ ಕೂರುತ್ತಿದ್ದೆವು. ಆದರೆ ಬಾಗಿಲು ಹಾಕಿಕೊಂಡು, ನಾವು ನಾವೇ.

ಆ ವರ್ಷ ನಾನು ಅದನ್ನು ಬದಲಿಸಿದ್ದೆ. ಯಾರ ಮನೆಯಲ್ಲಿ ಉಂಡು ಮಲಗಿದೆವೋ ಅವರೂ ನಮ್ಮ ಸಾಕ್ಷಿ ಕೇಳಲಿ, ಅವರ ಬೆನ್ನ ಹಿಂದೆ ಅವರ ಬಗ್ಗೆ ಮಾತಾಡೋದು ಬೇಡ ಅಂತ. ಹಾಗಾಗಿ ಓಂ, ಅಡುಗೆಯವರು, ಮಕ್ಕಳು, ಊರಿನ ಪಾಸ್ಟರ್ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ನಮ್ಮವರು ಇಂಗ್ಲಿಷಿನಲ್ಲಿ ಹೇಳುವುದು, ಅನುವಾದಕ ಖ್ಮೇರ್‌ಗೆ ತರುವುದು. ಈ ನಿರ್ಧಾರ ಸರಿಯಾಗಿತ್ತು ಅಂತ ಈಗಲೂ ನಂಬಿದ್ದೇನೆ. ಬಾಗಿಲು ಹಾಕಿಕೊಂಡಿದ್ದರೆ ಆ ತಪ್ಪು ಹಾಗೇ ಊರಿಗೆ ಬರುತ್ತಿತ್ತು. ನಮ್ಮ ಸಭೆಯಲ್ಲಿ ಜನ ಕಣ್ಣೀರು ಹಾಕಿ ಕೇಳುತ್ತಿದ್ದರು, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ತಂಗಿಯ ಸರದಿ ಬಂತು. ಅವಳು ಬರೆದುಕೊಂಡು ಬಂದಿದ್ದಳು. ಓದುತ್ತಾ ದನಿ ನಡುಗುತ್ತಿತ್ತು. ದೇವರು ನನಗೆ ಇಲ್ಲಿ ಒಬ್ಬ ಪುಟ್ಟ ತಂಗಿಯನ್ನು ಕೊಟ್ಟಿದ್ದಾನೆ, ಅವಳು ಅನಾಥೆ, ಈ ಲೋಕದಲ್ಲಿ ಅವಳಿಗೆ ತನ್ನವರು ಅಂತ ಯಾರೂ ಇಲ್ಲ, ಆದರೆ ಯೇಸು ಇದ್ದಾನೆ, ನಾನಿದ್ದೇನೆ ಅಂದಳು.

ಅನುವಾದಕ 'ಕಂಪ್ರಿಯಾ' ಅಂದ. ಖ್ಮೇರ್‌ನಲ್ಲಿ ಅಪ್ಪ ಅಮ್ಮ ಸತ್ತ ಮಗುವಿಗೆ ಆ ಪದ. ನಮ್ಮ 'ತಬ್ಬಲಿ' ಇದೆಯಲ್ಲ, ಹಾಗೆ.

ಎರಡನೇ ಸಾಲಿನಲ್ಲಿ ಕೂತಿದ್ದ ಆ ಹುಡುಗಿ ಎದ್ದು ನಿಂತಳು. ಮಣಿಕಟ್ಟಿನಲ್ಲಿದ್ದ ಕೆಂಪು ರಬ್ಬರ್ ಬ್ಯಾಂಡನ್ನು ಎಳೆಯುತ್ತಾ ಓಂ ಕಡೆ ತಿರುಗಿ ಏನೋ ಕೇಳಿದಳು. ಅನುವಾದಕ ಸುಮ್ಮನಾದ. ಏನಂತೆ ಅಂತ ನಾನು ಕೇಳಿದೆ. ಅವನಿಗೆ ಹೇಳಲಾಗಲಿಲ್ಲ. ಎರಡು ಸಲ ಕೇಳಿದ ಮೇಲೆ ಹೇಳಿದ: "ನನ್ನ ಅಮ್ಮ ಸತ್ತುಹೋದಳಾ ಅಂತ ಕೇಳುತ್ತಿದ್ದಾಳೆ."

ಅವಳ ಅಮ್ಮ ಆಗ ಥಾಯ್ಲೆಂಡ್‌ನಲ್ಲಿ ಕಟ್ಟಡದ ಕೂಲಿ. ಪೊಯ್ಪೆಟ್ ಗಡಿ ದಾಟಿ ಹಾಗೆ ಕೆಲಸಕ್ಕೆ ಹೋಗುವವರು ಆ ಭಾಗದಲ್ಲಿ ಆಗ ತುಂಬಾ ಜನ ಇದ್ದರು. ಅಪ್ಪ ಕಾಯಿಲೆಯಿಂದ ತೀರಿಕೊಂಡಿದ್ದ. ಅಜ್ಜಿ 30 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಚಿಕ್ಕ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಅಮ್ಮ ಏಪ್ರಿಲ್‌ನ ಖ್ಮೇರ್ ಹೊಸ ವರ್ಷಕ್ಕೆ ಬಂದು ಹೋಗುತ್ತಿದ್ದಳು. ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ಅಮ್ಮ ಇರೋದು ಹೊರದೇಶದಲ್ಲಿ. ಇವರು ಬಂದಿರೋದೂ ಹೊರದೇಶದಿಂದ. ಅಲ್ಲಿಂದ ಸುದ್ದಿ ತಂದಿದ್ದಾರೆ, ಓಂ ಇಷ್ಟು ದಿನ ನನಗೆ ಹೇಳಿಲ್ಲ ಅಂದುಕೊಂಡಳು.

ಓಂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋನ್ ತೆಗೆದರು. ಅಮ್ಮನ ನಂಬರ್ ಸ್ವಿಚ್ ಆಫ್. ಮತ್ತೆ ಮಾಡಿದರು. ಮತ್ತೆ ಆಫ್. ಜೊತೆಯಲ್ಲಿ ಕೆಲಸ ಮಾಡುವ ಇನ್ನೊಬ್ಬ ಹೆಂಗಸಿನ ನಂಬರ್ ಹುಡುಕಿದರು. ಕೂಟ ನಿಂತೇ ಹೋಯಿತು. ಯಾರೂ ಎದ್ದು ಹೋಗಲಿಲ್ಲ. ಹುಡುಗಿ ಜೋರಾಗಿ ಅಳುತ್ತಿರಲಿಲ್ಲ, ಬಿಕ್ಕುತ್ತಿದ್ದಳು ಅಷ್ಟೇ. ಸುಮಾರು ನಲವತ್ತು ನಿಮಿಷ ಆದ ಮೇಲೆ ಆ ಕಡೆಯಿಂದ ಫೋನ್ ಬಂತು. ಸ್ಪೀಕರ್‌ನಲ್ಲಿ ಅಮ್ಮನ ದನಿ. ಹಿಂದೆ ಯಾವುದೋ ಯಂತ್ರದ ಸದ್ದು. ಮಗು ಒಂದೂ ಮಾತಾಡಲಿಲ್ಲ. ಫೋನನ್ನು ಕೆನ್ನೆಗೆ ಒತ್ತಿಕೊಂಡು ಕೇಳುತ್ತಲೇ ಇದ್ದಳು.

ಮಕ್ಕಳನ್ನು ಮಲಗಿಸಿ ಬಂದ ಮೇಲೆ ಓಂ ನಮ್ಮೆದುರು ಕೂತರು. ಕೋಪ ಇರಲಿಲ್ಲ. ಎದೆ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಕಂಪ್ರಿಯಾ ಅಂದರೆ ನಾನು. ಅವಳಲ್ಲ."

ಆ ರಾತ್ರಿ ನಾವು ಓದಿದ್ದು

ತಂಗಿ ಅತ್ತು ಅತ್ತು ಸುಸ್ತಾಗಿದ್ದಳು. ನಾವು ನಾಲ್ಕು ಜನ ವರಾಂಡದಲ್ಲಿ ಕೂತೆವು. ಈ ಟ್ರಿಪ್‌ಗೆ ನಾವು ಇಟ್ಟುಕೊಂಡಿದ್ದ ವಾಕ್ಯ ಯಾಕೋಬ 1:27. ಟೀ ಶರ್ಟಿನ ಬೆನ್ನ ಮೇಲೂ ಅದೇ. ಅದನ್ನೇ ತೆಗೆದು ಮತ್ತೆ ಓದಿದೆವು. ದೇವರ ದೃಷ್ಟಿಯಲ್ಲಿ ಶುದ್ಧವಾದ ಭಕ್ತಿ ಯಾವುದು ಅಂತ ಯಾಕೋಬ ಅಲ್ಲಿ ಹೇಳುತ್ತಾನೆ. ಕಷ್ಟದಲ್ಲಿರುವ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ನೋಡಿಕೊಳ್ಳುವುದು. ಎಷ್ಟೋ ಸಲ ಓದಿದ ವಾಕ್ಯ. ಆ ರಾತ್ರಿ ಮಾತ್ರ 'ವಿಧವೆಯರನ್ನೂ' ಅನ್ನುವಲ್ಲಿ ಬಂದು ನಿಂತುಬಿಟ್ಟೆ.

ಆ ಹುಡುಗಿಯ ಅಮ್ಮ ವಿಧವೆ ಅಲ್ವಾ!

ಮಗು ಮತ್ತು ತಾಯಿ, ಇಬ್ಬರೂ ಒಂದೇ ವಾಕ್ಯದಲ್ಲಿ ಜೊತೆಯಾಗಿದ್ದಾರೆ. ನಾವು ಮಗುವನ್ನು ಮಾತ್ರ ತೆಗೆದುಕೊಂಡು, ತಾಯಿಯನ್ನು ವಾಕ್ಯದಿಂದಲೇ ಹೊರಗೆ ಬಿಟ್ಟಿದ್ದೆವು. ಅರ್ಧ ವಾಕ್ಯ ಹಿಡಿದುಕೊಂಡು ಸಮುದ್ರ ದಾಟಿ ಬಂದಿದ್ದೆವು.

ಊರಿಗೆ ಬಂದ ಮೇಲೆ ಇನ್ನೂ ಓದಿದೆ. ಹಳೆ ಒಡಂಬಡಿಕೆಯಲ್ಲಿ ಈ ಮಕ್ಕಳಿಗೆ ಬಳಸುವ ಹೀಬ್ರೂ ಪದ 'ಯಾತೋಮ್'. ಸಾಮಾನ್ಯವಾಗಿ ಅದರ ಅರ್ಥ ತಂದೆ ಇಲ್ಲದ ಮಗು. ತಾಯಿಯೂ ಇಲ್ಲ ಅಂತ ಅಲ್ಲ. ವಿಮೋಚನಕಾಂಡ 22:24 ನೋಡಿ, ಗಂಡಸರು ಸತ್ತರೆ ಹೆಂಡತಿಯರು ವಿಧವೆಯರಾಗುತ್ತಾರೆ, ಮಕ್ಕಳು ಯಾತೋಮ್ ಆಗುತ್ತಾರೆ. ಪ್ರಲಾಪಗಳು 5:3ರಲ್ಲಿ ಇನ್ನೂ ಸ್ಪಷ್ಟ. ನಮಗೆ ತಂದೆ ಇಲ್ಲ, ನಮ್ಮ ತಾಯಂದಿರು ವಿಧವೆಯರ ಹಾಗಿದ್ದಾರೆ ಅಂತ ಅಲ್ಲಿ ಅಳುತ್ತಾರೆ. ತಾಯಿ ಅಲ್ಲೇ ಇದ್ದಾಳೆ, ಬದುಕಿದ್ದಾಳೆ. ನಮ್ಮ 'ಅನಾಥ' ಪದಕ್ಕೂ ಮೂಲ ಅರ್ಥ ಕಾಪಾಡುವ ನಾಥ ಇಲ್ಲದವನು ಅಂತ. ಆದರೆ ಇವತ್ತು ಆ ಪದ ಕೇಳಿದ ತಕ್ಷಣ ನಮ್ಮ ಮನಸ್ಸಿನಲ್ಲಿ ಅಪ್ಪ ಅಮ್ಮ ಇಬ್ಬರೂ ಸತ್ತುಹೋಗುತ್ತಾರೆ.

ಒಂದು ಮನೆಯ ವಿಷಯ ಮಾತ್ರ ಅಲ್ಲ

ಹೊರಡುವ ಮುಂಚೆ ಓಂ ಹತ್ತಿರ ಕೇಳಿದ್ದೆ, ಈ 23 ಮಕ್ಕಳಲ್ಲಿ ಎಷ್ಟು ಜನಕ್ಕೆ ಅಪ್ಪನೋ ಅಮ್ಮನೋ ಇದ್ದಾರೆ ಅಂತ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. 17. ಹಾಗಾದರೆ ಗೇಟಿನ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಅನಾಥಾಶ್ರಮ ಅಂತ ಯಾಕಿದೆ ಅಂದೆ. ಹಿಂದೆ ಬಂದ ತಂಡವೊಂದು ಬರೆಸಿಕೊಟ್ಟಿತ್ತಂತೆ. ಆ ಪದ ಇದ್ದರೆ ಜನ ಬರುತ್ತಾರೆ, ಇಲ್ಲದಿದ್ದರೆ ಮಕ್ಕಳ ಅಕ್ಕಿಗೆ ಕಷ್ಟ ಅಂದರು. ಮುಚ್ಚುಮರೆ ಇಲ್ಲದೆ ಹೇಳಿದರು. ಅವರನ್ನು ನಾನು ದೂರುವುದಿಲ್ಲ. ಆ ಪದಕ್ಕೆ ಬೆಲೆ ಕಟ್ಟಿದ್ದು ನಮ್ಮಂಥ ತಂಡಗಳು.

ಕಾಂಬೋಡಿಯಾದಲ್ಲಿ ಇದರ ಬಗ್ಗೆ ಕೆಲಸ ಆಗಿದೆ. 2005ರಿಂದ 2010ರೊಳಗೆ ಅಲ್ಲಿ ಇಂಥ ಮನೆಗಳ ಸಂಖ್ಯೆ ಶೇ. 75ರಷ್ಟು ಜಾಸ್ತಿಯಾಗಿ 269ಕ್ಕೆ ಮುಟ್ಟಿತು. ಅಲ್ಲಿದ್ದ ಮಕ್ಕಳು ಹತ್ತಿರ ಹತ್ತಿರ 12,000. ಸರ್ಕಾರ ಮತ್ತು ಯುನಿಸೆಫ್ 2011ರಲ್ಲಿ ಹೊರತಂದ ಅಧ್ಯಯನದಲ್ಲಿ, ನಾಲ್ಕರಲ್ಲಿ ಮೂರು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಅಂತ ಬಂತು. ಓಂ ಅವರ ಬೆರಳಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. ಮಕ್ಕಳನ್ನು ಅಲ್ಲಿಗೆ ತಂದದ್ದು ಸಾವಿಗಿಂತ ಜಾಸ್ತಿ ಬಡತನ, ಮತ್ತು ಅಲ್ಲಿ ಬಿಟ್ಟರೆ ಓದು ಸಿಗುತ್ತೆ ಅನ್ನೋ ಆಸೆ. ಅಲ್ಲಿನ ಸರ್ಕಾರ 2006ರಲ್ಲೇ ಒಂದು ನೀತಿ ತಂದಿತ್ತು. ಮಗುವನ್ನು ಇಂಥ ಮನೆಗೆ ಸೇರಿಸುವುದು ಕೊನೆಯ ದಾರಿ ಆಗಬೇಕು, ಕುಟುಂಬವೇ ಮೊದಲು ಅಂತ. ನೋಮ್ ಪೆನ್‌ನ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ, ಮಕ್ಕಳು ಪ್ರವಾಸಿಗರು ನೋಡಿ ಹೋಗುವ ವಸ್ತುವಲ್ಲ ಅಂತ 2011ರಲ್ಲಿ ದೊಡ್ಡ ಪ್ರಚಾರ ನಡೆಸಿತ್ತು. ಇದೆಲ್ಲ ನಾವು ಹೊರಡುವ ಎಷ್ಟೋ ವರ್ಷ ಮೊದಲೇ ಇತ್ತು. ನಾವು ಟಿಕೆಟ್, ವೀಸಾ, ಸೊಳ್ಳೆ ಔಷಧಿ ಎಲ್ಲ ವಿಚಾರಿಸಿದ್ದೆವು. ಇದನ್ನು ವಿಚಾರಿಸಲಿಲ್ಲ.

ಇನ್ನೊಂದು ವಿಷಯ ತಂಗಿ ತಾನೇ ಓದಿ ನನಗೆ ಹೇಳಿದಳು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಿಂದ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಸಂಸ್ಥೆಯಲ್ಲೇ ಉಳಿದ ಮಕ್ಕಳಿಗಿಂತ, ಚಿಕ್ಕವರಿದ್ದಾಗಲೇ ಸಾಕು ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲೂ, ಒಬ್ಬರನ್ನು ನಂಬಿ ಅಂಟಿಕೊಳ್ಳುವುದರಲ್ಲೂ ಮುಂದಿದ್ದರು. ಅದನ್ನು ಹೇಳಿ ಅವಳು ಕೇಳಿದಳು: "ಅಣ್ಣಾ, ಅವಳು ಎರಡನೇ ದಿನಕ್ಕೇ ನನ್ನನ್ನು ಅಷ್ಟು ಹಚ್ಚಿಕೊಂಡಳಲ್ಲ, ನನಗಿಂತ ಮುಂಚೆ ಎಷ್ಟು ಅಕ್ಕಂದಿರು ಬಂದು ಹೋಗಿರಬಹುದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಿಗ್ಗೆ

ಹೊರಡುವ ಮುಂಚೆ ತಂಗಿ ಓಂ ಅವರ ಒಪ್ಪಿಗೆ ಕೇಳಿ ಹುಡುಗಿಯ ಜೊತೆ ಕೂತಳು. ಅನುವಾದಕನನ್ನೂ ಕರೆದುಕೊಂಡಳು. ನಾನು ತಪ್ಪು ಪದ ಹೇಳಿದೆ, ನಿನ್ನ ಅಮ್ಮ ಚೆನ್ನಾಗಿದ್ದಾಳೆ, ನಿನ್ನೆ ನೀನೇ ಮಾತು ಕೇಳಿದೆಯಲ್ಲ ಅಂದಳು. ಮತ್ತೆ ಬರುತ್ತೇನೆ ಅಂತ ಹೇಳಲಿಲ್ಲ. ಹಾಗೆ ಹೇಳುವುದು ಬೇಡ ಅಂತ ಓಂ ಮೊದಲೇ ಕೇಳಿಕೊಂಡಿದ್ದರು. ಹುಡುಗಿ ಎರಡೂ ಕೈ ಮುಗಿದು ಮೂಗಿನ ತನಕ ಎತ್ತಿ ವಂದಿಸಿದಳು. ಅಲ್ಲಿ ಅಪ್ಪ ಅಮ್ಮನಿಗೆ, ಗುರುಗಳಿಗೆ ಹಾಗೇ ಮಾಡುವುದು. ಆಮೇಲೆ ಓಡಿಹೋಗಿ ಬೇರೆ ಮಕ್ಕಳ ಜೊತೆ ಆಟಕ್ಕೆ ಸೇರಿಕೊಂಡಳು.

ನೋಮ್ ಪೆನ್‌ಗೆ ಸುಮಾರು 290 ಕಿಲೋಮೀಟರ್. ವ್ಯಾನಿನಲ್ಲಿ ನಮ್ಮ ಒಬ್ಬ ಹಿರಿಯ ಬ್ರದರ್ ಬೇಸರದಿಂದ ಹೇಳಿದರು: ಪ್ರೀತಿಯಿಂದ ಬಂದೆವು, ಬಾಯಿ ತಪ್ಪಿ ಒಂದು ಪದ ಬಂತು, ಅದನ್ನೇ ಇಷ್ಟು ದೊಡ್ಡದು ಮಾಡಿದರೆ ನಮ್ಮ ಯುವಕರು ಮುಂದೆ ಸೇವೆಗೆ ಬರಲು ಹೆದರುತ್ತಾರೆ ಅಂತ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದು ಬಾಯಿ ತಪ್ಪಿ ಬಂದದ್ದಲ್ಲ. ಹೊರಡುವ ಮುಂಚೆಯೇ ನಮ್ಮ ಪೋಸ್ಟರಿನಲ್ಲಿತ್ತು, ಪ್ರಾರ್ಥನೆಯಲ್ಲಿತ್ತು, ಕಾಣಿಕೆ ಕೇಳುವ ಪತ್ರದಲ್ಲಿತ್ತು. ಆ ಪತ್ರ ಬರೆದವನು ನಾನು. ಮಗುವನ್ನು ನೋಡುವ ಮೊದಲೇ ಅವಳ ತಾಯಿಯನ್ನು ನಾವು ಇಲ್ಲವಾಗಿಸಿದ್ದೆವು.

ಆಮೇಲೆ

ನಮ್ಮ ಸಭೆಯಲ್ಲಿ ವರದಿ ಕೊಡುವ ದಿನ ಮಕ್ಕಳ ಮುಖ ಇರುವ ಫೋಟೋ ಒಂದನ್ನೂ ತೋರಿಸಲಿಲ್ಲ. ತಂಗಿ ಆ ರಾತ್ರಿಯ ಕಥೆಯನ್ನು ಹೇಳಿದಳು, ಓಂ ಅವರ ಒಪ್ಪಿಗೆ ಪಡೆದೇ. ಮುಂದಿನ ವರ್ಷಕ್ಕೆ ತಂಡ ಬೇಡ, ಆ ಖರ್ಚನ್ನೇ ಕಳಿಸೋಣ ಅಂತ ನಾನು ಕೇಳಿಕೊಂಡೆ. ಹನ್ನೊಂದು ಜನರ ಪ್ರಯಾಣಕ್ಕೆ ನಮಗೆ ಸುಮಾರು 9,900 ಡಾಲರ್ ಆಗಿತ್ತು. ಕಳಿಸಲು ಕೂಡಿದ್ದು 5,200. ಹೋಗುವವರು ಯಾರೂ ಇಲ್ಲ ಅಂದಾಗ ಕೊಡುವ ಕೈ ಹಿಂದೆ ಸರಿಯಿತು. ಇದು ನನಗೆ ತುಂಬಾ ನೋವು ಕೊಟ್ಟಿತು, ಇನ್ನೂ ಕೊಡುತ್ತಿದೆ.

ಏನು ಬೇಕು ಅಂತ ಓಂ ಅವರನ್ನೇ ಕೇಳಿದೆವು. ಕಟ್ಟಡ, ಬಣ್ಣ ಏನೂ ಕೇಳಲಿಲ್ಲ. ಮಕ್ಕಳ ಕುಟುಂಬಗಳ ಹತ್ತಿರ ಹೋಗಿ ಬರಲು ಒಬ್ಬ ಸಮಾಜ ಕಾರ್ಯಕರ್ತೆ ಬೇಕು, ತಿಂಗಳಿಗೆ 300 ಡಾಲರ್ ಸಂಬಳ ಅಂದರು. ಉಳಿದದ್ದು ಮಗುವನ್ನು ವಾಪಸ್ ಕರೆದುಕೊಳ್ಳಬಲ್ಲ ಮನೆಗಳಿಗೆ ಅಕ್ಕಿ, ಶಾಲೆ ಖರ್ಚು, ಒಂದೆರಡು ಸೈಕಲ್.

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಥಾಯ್ಲೆಂಡ್ ಗಡಿಗಳನ್ನು ಮುಚ್ಚಿದಾಗ ಕಾಂಬೋಡಿಯಾದ ಸಾವಿರಾರು ಕೂಲಿಗಳು ಊರಿಗೆ ಮರಳಿದರು. ಆ ಹುಡುಗಿಯ ಅಮ್ಮನೂ ಬಂದಳು. ಮಗಳನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು. ಇದು ನಮ್ಮಿಂದ ಆದದ್ದಲ್ಲ. ನಾವು ಮಾಡಿದ್ದು ಇಷ್ಟೇ, ಹೋದ ಮೇಲೆ ಎರಡು ವರ್ಷ ಅಕ್ಕಿ ಮತ್ತು ಶಾಲೆಗೆ ಕೈಜೋಡಿಸಿದೆವು, ಅಮ್ಮ ಮತ್ತೆ ಗಡಿ ದಾಟದೆ ಊರಲ್ಲೇ ಕೆಲಸ ಹುಡುಕಿಕೊಳ್ಳುವ ತನಕ. 2022ರ ಕೊನೆಗೆ ಆ 17 ಮಕ್ಕಳಲ್ಲಿ ಒಂಬತ್ತು ಜನ ಮನೆ ಸೇರಿದ್ದರು. ಅದರಲ್ಲಿ ಇಬ್ಬರು ವಾಪಸ್ ಬಂದರು. ಒಂದು ಮನೆಯಲ್ಲಿ ಹೊಡೆತ, ಇನ್ನೊಂದರಲ್ಲಿ ಸಾಲ. ಹಾಗಾಗಿ ಓಂ ಅವರ ಮನೆಯ ಬಾಗಿಲು ಇನ್ನೂ ತೆರೆದಿದೆ, ತೆರೆದಿರಲೇಬೇಕು. ಗೇಟಿನ ಬೋರ್ಡು ಮಾತ್ರ ಬದಲಾಗಿದೆ.

ನಾವು ಈಗಲೂ ಹೋಗುತ್ತೇವೆ, ಇಬ್ಬರು ಅಥವಾ ಮೂವರು, ಅವರು ಕರೆದಾಗ. ಸಭೆಯ ಯುವಕರಿಗೆ ಲೆಕ್ಕಪತ್ರ ಕಲಿಸಲು ಒಮ್ಮೆ, ನರ್ಸ್ ಆದ ಮೇಲೆ ತಂಗಿ ಅಲ್ಲಿನ ತಾಯಂದಿರಿಗೆ ಮಗುವಿನ ಆರೈಕೆ ಹೇಳಿಕೊಡಲು ಒಮ್ಮೆ. ಕೊನೆಯ ರಾತ್ರಿಯ ಕೂಟ ಹಾಗೇ ಇದೆ. ಆದರೆ ನಾವು ಬರೆದದ್ದನ್ನು ಆ ಮಧ್ಯಾಹ್ನವೇ ಅನುವಾದಕ ಓಂ ಅವರಿಗೆ ಓದಿ ಹೇಳುತ್ತಾನೆ. ಅವರು ಬೇಡ ಅಂದ ಸಾಲು ಹೋಗುತ್ತದೆ. ಕೂಟದಲ್ಲಿ ಮೊದಲು ಮಾತಾಡುವವರೂ ಅವರೇ. ನಾವು ಬಂದು ಏನಾಯಿತು, ಏನಾಗಲಿಲ್ಲ ಅಂತ ಅವರು ಹೇಳಿದ ಮೇಲೆ ನಮ್ಮ ಸರದಿ.

ಆ ಹುಡುಗಿಯನ್ನು ನಾನು ಮತ್ತೆ ನೋಡಿಲ್ಲ. ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಾಳೆ ಅಂತ ಓಂ ಹೇಳಿದರು. ಒಂದು ಫೋಟೋ ಕೇಳಬೇಕು ಅಂತ ಬಾಯಿಗೆ ಬಂದಿತ್ತು, ಕೇಳಲಿಲ್ಲ. ನಮ್ಮ ಬುಧವಾರದ ಪ್ರಾರ್ಥನೆಯ ಪಟ್ಟಿಯಲ್ಲಿ ಅವಳ ಹೆಸರು ಇದೆ. ತಂಗಿಯೇ ಬರೆದದ್ದು. ಮೊದಲು ಅಮ್ಮನ ಹೆಸರು, ಅದರ ಕೆಳಗೆ ಮಗಳದ್ದು.